ಸಂಗಯ್ಯನ ಡೀಸೆಲ್ ಕಾರುಗಳು, ನಮ್ಮಕ್ಕನ ಕೈಗಳು

ನಮ್ಮಕ್ಕ ಸಾವಿತ್ರವ್ವನ ಗಂಡ ಸಂಗಯ್ಯನನ್ನು ಎದುರಿಗೆ ನಾನು ಮಾಮಾ ಎನ್ನುತ್ತೇನೆ, ಬಹುವಚನ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗಲೂ ಅಷ್ಟು ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ಬನವಾಸಿ ಕಡೆಯ ಅನಾನಸನ್ನು ಶಿರಸಿ ಪೇಟೆಗೆ ತಂದು ಮಾರಿ ಚೆನ್ನಾಗಿ ಬದುಕಿದ ಈ ಮನುಷ್ಯ, ದುಡಿದದ್ದನ್ನೆಲ್ಲ ಊರಲ್ಲಿ ಯಾರೂ ಕೊಳ್ಳದ ಡೀಸೆಲ್ ಕಾರುಗಳಿಗೆ ಸುರಿದ. ಜನ ಮಾರುತಿ ಕೊಳ್ಳುತ್ತಿದ್ದಾಗ ಇವನು ಪದ್ಮಿನಿ ತಂದ, ಅದೂ ಡೀಸೆಲ್ ಪದ್ಮಿನಿ. ಜನ ಸುಮೋ ಕೊಳ್ಳುವಾಗ ಇವನದು ಕಾಂಟೆಸ್ಸಾ, ಅದೂ ಡೀಸೆಲ್. ಕೊನೆಗೆ ಮೊಂಟೆಗೊ ಎಂಬ ಕಾರೊಂದನ್ನು ಎಲ್ಲಿಂದಲೋ ಹಿಡಿದು ತಂದ. ಅದರ ಹೆಸರು ಹೇಳಿದರೆ ಗ್ಯಾರೇಜಿನವರೇ ಏನಂದಿರಿ ಎಂದು ಇನ್ನೊಮ್ಮೆ ಕೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವುದೇ ಅವನಿಗೆ ಸುಖ. ಕಾರು ಓಡಿದ್ದಕ್ಕಿಂತ ಅದರ ಹೆಸರನ್ನು ಬಿಡಿಸಿ ಹೇಳಿದ್ದೇ ಹೆಚ್ಚು.

ಕಾರುಗಳನ್ನು ನಾನು ಬೈಯುವುದಿಲ್ಲ. ಬೇರೆಯವರ ಕೈಗೆ ಸಿಕ್ಕಿದ್ದರೆ ಅವು ಸುಖವಾಗಿ ಓಡಿಕೊಂಡಿರುತ್ತಿದ್ದವು. ಸಂಗಯ್ಯನ ಕೈ ಬಿಗಿ. ಕಾರು ಕೊಂಡಾನು, ಬ್ಯಾಟರಿ ಕೊಳ್ಳಲಾರ. ತಣ್ಣಗಿದ್ದ ಇಂಜಿನ್ ಹಿಡಿಯಲು ಬಿಸಿ ಕೊಡುವ ಹೀಟರ್ ಪ್ಲಗ್ ಹೋದರೆ ಹೋಯಿತು, ಹೊಸದು ಹಾಕಿಸಲಾರ. ಬ್ಯಾಟರಿ ಎನ್ನುವುದು ಅಂಗಡಿಯವರು ಕಟ್ಟಿದ ಕಥೆ, ಒಳ್ಳೆಯ ಡೀಸೆಲ್ ಇಂಜಿನ್ನಿಗೆ ಇಳಿಜಾರೊಂದಿದ್ದರೆ ಸಾಕು ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದ. ಕಾರನ್ನು ಇಳಿಜಾರಿನಲ್ಲಿ ಬಿಡುವುದು, ಅದು ಉರುಳುವಾಗ ಗೇರ್ ಹಾಕಿ ಕ್ಲಚ್ ಬಿಡುವುದು, ಹೊಗೆ ಕಾರಿಸಿ ಇಂಜಿನ್ ಹಿಡಿಸುವುದು. ಇದು ಅವನ ಶಾಸ್ತ್ರ.

ಈ ಶಾಸ್ತ್ರಕ್ಕೆ ಇಡೀ ಸಂಸಾರ ತಲೆಬಾಗಬೇಕಾಯಿತು. ಹಲ್ಲುನೋವು ಬಂದರೆ ಒಳ್ಳೆಯ ಡಾಕ್ಟರನ್ನು ಹುಡುಕುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲ, ಇಳಿಜಾರಿನಲ್ಲಿ ಕ್ಲಿನಿಕ್ ಇಟ್ಟ ಡಾಕ್ಟರನ್ನು ಹುಡುಕುತ್ತಿದ್ದರು. ಕ್ಷೌರ, ಕಿರಾಣಿ, ಬಟ್ಟೆ ಹೊಲಿಸುವುದು ಎಲ್ಲ ಅದೇ ಲೆಕ್ಕ. ಶಿರಸಿ ಹತ್ತಿರದ ಇಸಳೂರಿನಲ್ಲಿ ಸೈಟು ಮಾರುವಾಗ ಉಳಿದವರು ಸಪಾಟಾದ ಜಾಗಕ್ಕೆ ಮುಗಿಬಿದ್ದರು, ಇವನು ಹೋಗಿ ಏರಿನ ತುದಿಯಲ್ಲಿ ಯಾರಿಗೂ ಬೇಡವಾದ ತುಂಡನ್ನು ಹಿಡಿದ. ಮನೆಯೇನೋ ಇಳಿಜಾರಿನ ನೆತ್ತಿಯ ಮೇಲಾಯಿತು. ಆದರೆ ಮನೆಯ ಮುಂದಿನ ಪೋರ್ಟಿಕೊ ಸಪಾಟಲ್ಲವೇ? ಅಲ್ಲಿಂದ ಇಳಿಜಾರಿನ ಅಂಚಿನವರೆಗೆ ಕಾರನ್ನು ಯಾರಾದರೂ ತಳ್ಳಬೇಕು. ಆ ಯಾರಾದರೂ ನಮ್ಮಕ್ಕ. ನಾನು ಹೋದ ದಿನ ಜತೆಗೆ ನಾನು. ಸಂಗಯ್ಯ ಒಂದು ದಿನವೂ ತಳ್ಳಿದವನಲ್ಲ, ಕ್ಲಚ್ ಬಿಡುವ ಹದ ತನ್ನೊಬ್ಬನಿಗೇ ಗೊತ್ತು ಎಂದು ಒಳಗೆ ಕೂರುತ್ತಿದ್ದ. ತಾನು ಸಿದ್ಧ ಎಂದು ಅಕ್ಕ ಹಿಂದಿನಿಂದ ಡಿಕ್ಕಿ ತಟ್ಟಿದ ಕೂಡಲೇ ಗೇರ್ ಹಾಕುತ್ತಿದ್ದ.

ಸಪಾಟು ನೆಲಕ್ಕೆ ಹೋದರೆ ಇಂಜಿನ್ ಬಂದ್ ಮಾಡುವಂತಿಲ್ಲ. ಇದು ಇನ್ನೊಂದು ನೇಮ. ಬನವಾಸಿಯಲ್ಲಿ ನಮ್ಮ ತವರುಮನೆಗೆ ಊಟಕ್ಕೆ ಬಂದರೆ ಪಾಯಸ ಮುಗಿದು ಎಲೆಅಡಿಕೆ ಹಾಕುವ ತನಕ ಕಾರು ಬಾಗಿಲಲ್ಲಿ ಗಡಗಡ ಅನ್ನುತ್ತಲೇ ಇರುತ್ತಿತ್ತು. ನಾವು ತವರಿನವರು, ಸಹಿಸಿದೆವು. ಬೇರೆಯವರು ಯಾಕೆ ಸಹಿಸಬೇಕು?

ಮಗಳು ಶಿವರಂಜನಿಗೆ ಯಲ್ಲಾಪುರದ ಒಂದು ಮನೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಬಂದು ನೋಡಿ ಒಪ್ಪಿದ್ದರು. ಅವರ ಮನೆ ನೋಡಿ ಬರಲು ನಾವು ಹೋದೆವು, ಆ ಕಾಲದ ಕಾಂಟೆಸ್ಸಾದಲ್ಲಿ. ಅವರ ಅಂಗಳ ಕಣದ ಹಾಗೆ ಸಪಾಟಾಗಿತ್ತು. ಸಂಗಯ್ಯ ಇಂಜಿನ್ ಬಂದ್ ಮಾಡದೆ ಇಳಿದು ಬಂದು ಚಾಪೆಯ ಮೇಲೆ ಗಂಭೀರವಾಗಿ ಕೂತ. ಒಳಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹುಡುಗನ ಅಜ್ಜಿ, ಹಿಟ್ಟಿನ ಗಿರಣಿ ಇವತ್ತು ಯಾಕೆ ಇಷ್ಟು ಬೇಗ ಶುರುವಾಯಿತು ಎಂದು ಸೊಸೆಯನ್ನು ಕೇಳಿದಳು. ಆಗ ಹುಡುಗನ ಕಾಕ, ಪಾಪ, ಬೀಗರು ಮರೆತಿದ್ದಾರೆಂದು ತಿಳಿದು, ಸದ್ದಿಲ್ಲದೆ ಎದ್ದುಹೋಗಿ ಕೀಲಿ ತಿರುಗಿಸಿ ಬಂದ.

ಹೊರಡುವಾಗ ಏನಾಯಿತೆಂದು ಬೇರೆ ಹೇಳಬೇಕಿಲ್ಲ. ಅಕ್ಕ ಅವತ್ತು ತನ್ನ ಪೆಟ್ಟಿಗೆಯಲ್ಲಿದ್ದ ಒಂದೇ ಒಳ್ಳೆಯ ರೇಷ್ಮೆ ಸೀರೆ ಉಟ್ಟಿದ್ದಳು. ಅದರ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬೀಗರಾಗುವವರು ಜಗಲಿಯ ಮೇಲೆ ಸಾಲಾಗಿ ನಿಂತು ನೋಡುತ್ತಿರುವಾಗ, ನನ್ನ ಪಕ್ಕದಲ್ಲಿ ಬಾಗಿ ಕಾರು ತಳ್ಳಿದಳು. ಹೊಗೆ ಅವಳ ಮುಖಕ್ಕೇ ಹೊಡೆಯಿತು. ಒಂದು ವಾರ ಬಿಟ್ಟು ಬೇಡವೆಂದು ಹೇಳಿಕಳಿಸಿದರು. ಹೆಂಡತಿಯ ಕೈಲಿ ಗಾಡಿ ತಳ್ಳಿಸುವ ಮನೆಯ ಸಂಬಂಧ ಯಾರಿಗೆ ಬೇಕು? ಸಂಗಯ್ಯ ಮಾತ್ರ, ಅಂಗಳ ಸಪಾಟಾಗಿರುವ ಮನೆಗೆ ಮಗಳನ್ನು ಕೊಡಬಾರದು, ಬಚಾವಾದೆವು ಎಂದ. ಆ ಮಾತಿಗೆ ಅವನ ಕೆನ್ನೆಗೆ ಒಂದು ಬಿಡಬೇಕೆನಿಸಿತ್ತು ನನಗೆ. ಶಿವರಂಜನಿ ಆಮೇಲೆ ಸಿದ್ದಾಪುರದ ಮನೆ ಸೇರಿದಳು. ಗಂಡ ಸ್ಕೂಟರ್ ಓಡಿಸುತ್ತಾನೆ, ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತದೆ.

ಹೋದ ವರ್ಷ ಅಕ್ಕನಿಗೆ ಗರ್ಭಕೋಶ ಜಾರಿ ಆಪರೇಷನ್ ಆಯಿತು. ಇನ್ನು ಭಾರದ್ದೇನನ್ನೂ ಎತ್ತಬಾರದು, ತಳ್ಳಬಾರದು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ಅಕ್ಕ ಗಂಡನ ಹತ್ತಿರ ಕೇಳಿದ್ದು ಒಂದೇ. ತಾನು ವಾಪಸು ಬರುವಷ್ಟರಲ್ಲಿ ಆ ಮೊಂಟೆಗೊ ಅಂಗಳದಲ್ಲಿರಬಾರದು. ಸಂಗಯ್ಯ ಅವಳ ಕೈಹಿಡಿದು, ಮಾರುತ್ತೇನೆ ಎಂದು ಮಾತು ಕೊಟ್ಟ. ನಾನು ಅಲ್ಲೇ ಇದ್ದೆ.

ಅವಳು ಬಂದಾಗ ಕಾರು ಇದ್ದಲ್ಲೇ ಇತ್ತು. ಕೊಳ್ಳಲು ಬಂದವರನ್ನೆಲ್ಲ ಕೂರಿಸಿಕೊಂಡು ಸಂಗಯ್ಯ ಪರೀಕ್ಷೆ ಮಾಡುತ್ತಿದ್ದ. ಈ ಗಾಡಿ ಯಾವ ಊರಿನಲ್ಲಿ ತಯಾರಾಯಿತು, ಆ ತಯಾರಿಕೆ ಯಾಕೆ ನಿಂತುಹೋಯಿತು ಎಂದೆಲ್ಲ ಕೇಳಿ, ಉತ್ತರ ಬರದಿದ್ದರೆ ನಿನಗೆ ಇದರ ಯೋಗ್ಯತೆ ಇಲ್ಲ ಎಂದು ಕಳಿಸಿಬಿಡುತ್ತಿದ್ದ. ಅತ್ತ ವಾರಕ್ಕೊಮ್ಮೆ ಇಂಜಿನ್ ಚಾಲೂ ಮಾಡದಿದ್ದರೆ ಜಾಮ್ ಆಗುತ್ತದೆಂದು ಹಟ. ತಳ್ಳುವವರು ಸಿಗದ ದಿನ ಕಾರಿನ ಬಾಗಿಲು ತೆರೆದಿಟ್ಟು ಅಡಿಗೆಮನೆಯತ್ತ ನೋಡುತ್ತಾ ನಿಲ್ಲುತ್ತಿದ್ದ. ಬಾಯಿಬಿಟ್ಟು ಕರೆಯುತ್ತಿರಲಿಲ್ಲ, ಅಷ್ಟು ನಾಚಿಕೆ ಉಳಿದಿತ್ತು. ಅಕ್ಕ ಬರುತ್ತಿರಲಿಲ್ಲ, ಆದರೆ ಆ ಹೊತ್ತೆಲ್ಲ ಅವಳ ಕೈಯಲ್ಲಿ ಕೆಲಸ ಓಡುತ್ತಿರಲಿಲ್ಲ.

ಹೀಗಿರುವಾಗ ಹುಬ್ಬಳ್ಳಿಯಿಂದ ಪವನ್ ಎಂಬುವನು ಬಂದ. ಹಳೆಯ ಕಾರುಗಳನ್ನು ಕೂಡಿಸಿಟ್ಟುಕೊಂಡು ಅವುಗಳ ವಿಡಿಯೊ ಮಾಡಿ ಫೋನಿನಲ್ಲಿ ಬಿಡುವ ಹುಚ್ಚಿನವನು. ಪರೀಕ್ಷೆಯಲ್ಲಿ ಪಾಸಾದ. ಸಂಗಯ್ಯನನ್ನು ಮೊಂಟೆಗೊದ ಪಕ್ಕ ಕುರ್ಚಿಯಲ್ಲಿ ಕೂರಿಸಿ, ಹಳೆಯ ಡೀಸೆಲ್ ಕಾರುಗಳ ನೆನಪು ಹೇಳಿರೆಂದು ಫೋನ್ ಹಿಡಿದ. ಅಯ್ಯೋ, ಅವತ್ತಿನ ಕೊಚ್ಚಾಟವೇ! ಕಾಂಟೆಸ್ಸಾ ಇಡೀ ಸಂಸಾರವನ್ನು ಹೇರಿಕೊಂಡು ನಿಲ್ಕುಂದದ ಘಾಟಿಯನ್ನು ಉಸಿರು ಬಿಡದೆ ಹತ್ತಿತ್ತಂತೆ. ಹೌದು, ಕಾರು ಹತ್ತಿತು. ಸಂಸಾರ ಅದರ ಹಿಂದೆ ನಡೆದುಕೊಂಡು ಹತ್ತಿತು. ಹ್ಯಾಂಡ್ ಬ್ರೇಕಿನ ಕೇಬಲ್ ಕಡಿದು ಯಾವ ಕಾಲವಾಗಿತ್ತೋ, ಅದನ್ನು ಹಾಕಿಸದ ಪುಣ್ಯಾತ್ಮನ ಗಾಡಿ ನಿಂತಲ್ಲೆಲ್ಲ ಗಾಲಿಗೆ ಕೊಡಲು ನಾನೊಂದು ಕಲ್ಲು, ಅಕ್ಕನೊಂದು ಕಲ್ಲು ಹಿಡಿದಿದ್ದೆವು. ಪದ್ಮಿನಿಯಂಥ ಸಾಧು ಗಾಡಿ ಇನ್ನೊಂದಿಲ್ಲ, ಒಂದು ದಿನ ಕೈಕೊಟ್ಟಿಲ್ಲ ಎಂದೂ ಹೇಳಿದ. ಕೈಕೊಟ್ಟವರು ಯಾರೆಂದು ನನಗೆ ಗೊತ್ತಿತ್ತು.

ಚಹಾ ತಂದ ಅಕ್ಕನತ್ತ ಪವನ್ ಫೋನ್ ತಿರುಗಿಸಿ, ಇಂಥ ಅಪರೂಪದ ಗಾಡಿಗಳಲ್ಲಿ ಓಡಾಡಿದವರು, ನಿಮ್ಮ ನೆನಪೇನೆಂದು ಕೇಳಿದ. ಅಕ್ಕ ಚಹಾದ ತಟ್ಟೆ ಕೆಳಗಿಟ್ಟಳು.

“ನಾ ಇವುಗಳ ಮಾರಿ ಸರಿಯಾಗಿ ನೋಡಿಲ್ಲಪಾ. ಬೆನ್ನ ನೋಡೀನಿ. ಪದ್ಮಿನಿ ಸಣ್ಣದು, ಕೈ ಇಡಾಕ ಜಾಗಾ ಸಾಲತಿದ್ದಿಲ್ಲ. ಕಾಂಟೆಸ್ಸಾ ಅಗಲಿತ್ತು, ಇಬ್ಬರು ನಿಂತು ದಬ್ಬಬಹುದಿತ್ತು. ಇದನ್ನ ದಬ್ಬಿದ್ರ ಟೊಂಕ ಹಿಡೀತದ.”

ಪವನ್ ಫೋನ್ ಕೆಳಗಿಳಿಸಿದ. ಸಂಗಯ್ಯ ನಕ್ಕ, ಹೆಂಗಸರಿಗೆ ಇಂಜಿನ್ ಏನು ತಿಳಿಯುತ್ತದೆ ಎಂದ. ಆದರೂ ವ್ಯವಹಾರ ಕುದುರಿತು.

ಒಯ್ಯಲು ಬಂದ ದಿನ ನಾನೂ ಹೋಗಿದ್ದೆ. ಕಾರು ಹೇರುವ ಲಾರಿ ಏರು ಹತ್ತಲಾರದೆ ಕೆಳಗಿನ ರಸ್ತೆಯಲ್ಲಿ ಹಲಗೆ ಇಳಿಸಿ ನಿಂತಿತ್ತು. ಅಷ್ಟರಲ್ಲಿ ಸಂಗಯ್ಯ ರಾಗ ಬದಲಿಸಿದ. ಕೊಡುವುದಿಲ್ಲ, ಇನ್ನೊಂದು ವರ್ಷ ಹೋಗಲಿ, ಇದು ಮಾರುವ ವಸ್ತುವಲ್ಲ ಎಂದು ಕಾರಿನ ಬಾನೆಟ್ಟಿಗೆ ಒರಗಿ ನಿಂತ. ಪವನ್ ಕೈಮುಗಿದು ಬೇಡಿದ, ನಾನು ದನಿ ಏರಿಸಿದೆ, ಆಸಾಮಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊಟ್ಟ ಮಾತು ನೆನಪಿಸಿದರೆ, ಮನೆಯ ಮಾತು ಹೊರಗಿನವರೆದುರು ಯಾಕೆ ಎಂದ.

ಅಕ್ಕ ಒಳಗಿಂದ ಬಂದಳು. ಸೆರಗು ಸಿಕ್ಕಿಸಿಕೊಂಡು ಕಾರಿನ ಹಿಂದೆ ಹೋಗಿ ಡಿಕ್ಕಿಯ ಮೇಲೆ ಎರಡೂ ಕೈ ಇಟ್ಟು ತಟ್ಟಿದಳು. ಡಾಕ್ಟರಮ್ಮನ ಮಾತು ನೆನಪಾಗಿ ನಾನು ಓಡಿಹೋಗಿ ಪಕ್ಕದಲ್ಲಿ ಭುಜ ಕೊಟ್ಟೆ. ಪವನ್ ಇನ್ನೊಂದು ಕಡೆ ಬಂದ. ಬಲ ನಮ್ಮಿಬ್ಬರದು, ಅವಳದು ಬರೀ ಕೈ. ಆದರೆ ಡಿಕ್ಕಿಯ ಮೇಲೆ ಆ ಕೈ ಬಿದ್ದ ಸದ್ದಿಗೆ ಸಂಗಯ್ಯನ ಮೈ ಎಷ್ಟೋ ವರ್ಷಗಳಿಂದ ಪಳಗಿತ್ತು. ಕೊಡುವುದಿಲ್ಲ ಎಂದು ಅನ್ನುತ್ತಲೇ ಬಾಗಿಲು ತೆರೆದು ಒಳಗೆ ಕೂತ, ಕೀಲಿ ತಿರುಗಿಸಿದ, ಗೇರ್ ಹಾಕಿ ಕ್ಲಚ್ ಒತ್ತಿ ಹಿಡಿದ. ಕಾರು ಅಂಚು ದಾಟಿ ಉರುಳಿತು. ಅರ್ಧ ಇಳಿಜಾರಿನಲ್ಲಿ ಕ್ಲಚ್ ಬಿಟ್ಟ, ಕಪ್ಪು ಹೊಗೆ ಎದ್ದು ಇಂಜಿನ್ ಹಿಡಿಯಿತು. ಕೆಳಗೆ ಪವನನ ಗೆಳೆಯನೊಬ್ಬ ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದ. ಲಾರಿಯವನು ಬಾ ಬಾ ಎಂದು ಕೈಮಾಡಿದ. ವಿಡಿಯೊ ಎದುರಿಗಿದ್ದರೆ ಸಂಗಯ್ಯ ನಿಲ್ಲುವುದುಂಟೇ? ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಒಂದು ಕಡೆಯೂ ತಪ್ಪದೆ, ತಾನೇ ಹಲಗೆ ಹತ್ತಿಸಿ ಲಾರಿಯ ಮೇಲೆ ಕಾರು ನಿಲ್ಲಿಸಿದ.

ಲಾರಿಯವನು ಗಾಲಿಗೆ ಪಟ್ಟಿ ಬಿಗಿಯುವಾಗ ಸಂಗಯ್ಯನಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಸ್ಟಿಯರಿಂಗ್ ಹಿಡಿದುಕೊಂಡೇ ಕೂತುಬಿಟ್ಟ. ಅಕ್ಕ ನಿಧಾನಕ್ಕೆ ಇಳಿದು ಬಂದು ಲಾರಿಯ ಪಕ್ಕ ನಿಂತು ಮೇಲೆ ನೋಡಿದಳು.

“ಇಳೀರಿ. ನೀವು ಮಾತು ಕೊಟ್ರಿ, ಅದನ್ನೂ ನಾನ ದಬ್ಬಬೇಕಾತು.”

ಸಂಗಯ್ಯ ಇಳಿದ. ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಅಕ್ಕ ಮನೆಯತ್ತ ತಿರುಗಿ ಅರ್ಧ ಏರು ಹತ್ತಿಯಾಗಿತ್ತು.