ಮೂರು ಪೌಂಡಿನ ಎಳೆತ

ತೌನೊ ಕೆಸ್ಕಿತಾಲೊ ಮನುಷ್ಯರ ಮುಖ ನೋಡಿ ಮಾತಾಡುವವನಲ್ಲ, ಬಂಡಿಯ ಹೊಟ್ಟೆ ನೋಡಿ ಮಾತಾಡುವವನು. ಕೆವೀನಾ ಕೊಲ್ಲಿ ಹೆಪ್ಪುಗಟ್ಟಿತೆಂದರೆ ಸಾಕು, ದಂಡೆಯಲ್ಲಿ ನೆಲೆಸಿದ ಫಿನ್ನಿಶ್ ವಲಸಿಗರ ಮನೆಗಳ ಗಂಡಸರೆಲ್ಲ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯಲು ಸಾಮಾನು ಹೇರುವ ತಮ್ಮ ಜಾರುಬಂಡಿ ಎಳೆದುಕೊಂಡು ಅವನ ಅಂಗಳಕ್ಕೆ ಬರುತ್ತಿದ್ದರು. "ತೌನೊ, ಯಾಕೋ ಈ ಸಲ ಎಳೆಯೋಕೇ ಆಗ್ತಿಲ್ಲ" ಎನ್ನುವುದರೊಳಗೆ ಅವನು ಬಂಡಿಯನ್ನು ಬೋರಲು ಹಾಕಿ, ಅಡಿಯ ಎರಡು ಜಾರುಪಟ್ಟಿಗಳ ಉದ್ದಕ್ಕೂ ಹೆಬ್ಬೆರಳು ಓಡಿಸುತ್ತಿದ್ದ. ಬಂದವನು ಹೇಗಿದ್ದಾನೆ, ಕಾಫಿ ಕುಡಿಯುತ್ತಾನೋ ಇಲ್ಲವೋ ಎಂದು ಕೇಳುವುದು ಹೆಂಡತಿ ಸಿಲ್ವಿಯ ಕೆಲಸ.

ಪಟ್ಟಿಯ ವಿಷಯಕ್ಕೆ ಬಂದರೆ ಅವನಿಗೆ ಗೊತ್ತಿಲ್ಲದ್ದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಗಾಳಿ ಗುಡಿಸಿದ ಬರಿ ಮಂಜುಗಡ್ಡೆಗೆ ಕಬ್ಬಿಣ ಹೊಡೆದ ಕಿರಿದಾದ ಓಕ್ ಪಟ್ಟಿ. ಮೊಣಕಾಲುದ್ದ ಹಿಮ ಬಿದ್ದ ಮೇಲೆ ಅದೇ ಪಟ್ಟಿ ನೇಗಿಲಿನ ಹಾಗೆ ಉಳುತ್ತದೆ, ಆಗ ಅಂಗೈ ಅಗಲದ್ದು ಬೇಕು. ಚಳಿ ತೀರಾ ಕಚ್ಚಿದ ದಿನ ಕಬ್ಬಿಣ ಹಿಡಿದುಕೊಳ್ಳುತ್ತದೆ, ಟಾರು ಕುಡಿದ ಮರ ಹಗುರವಾಗಿ ಹೋಗುತ್ತದೆ. ಇದನ್ನೆಲ್ಲ ಬಾಯಲ್ಲಿ ಹೇಳುವವರು ಬೇಕಾದಷ್ಟು ಜನ ಇದ್ದರು. ತೌನೊ ತೂಗಿ ತೋರಿಸುತ್ತಿದ್ದ. ಬಂಡಿಗೆ ನೂರು ಪೌಂಡ್ ಸಾಮಾನು ಹೇರಿ, ಹಗ್ಗಕ್ಕೆ ಮೀನು ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಮೆಲ್ಲಗೆ ಎಳೆಯುವುದು. ಬಂಡಿ ಮಿಸುಕುವಾಗ ತಕ್ಕಡಿಯ ಮುಳ್ಳು ಎಲ್ಲಿ ನಿಂತಿದೆಯೋ ಅದೇ ತೀರ್ಪು. ಎಳೆತ ಕಡಿಮೆಯಾದಷ್ಟೂ ಪಟ್ಟಿ ಒಳ್ಳೆಯದು. ಅದರ ಮೇಲೆ ವಾದವಿಲ್ಲ.

ಸಾವಿರದ ಒಂಬೈನೂರ ಅರವತ್ತೊಂದರ ಆ ಚಳಿಗಾಲದಲ್ಲಿ ಮಾತ್ರ ಅವನು ಬೇರೆ ಯಾರ ಬಂಡಿಯನ್ನೂ ಮುಟ್ಟಲಿಲ್ಲ. ತನ್ನದೇ ಎಳೆಯಲಾಗುತ್ತಿರಲಿಲ್ಲ.

ದಂಡೆಯಿಂದ ಎರಡು ಮೈಲಿ ಆಚೆ, ಮಂಜುಗಡ್ಡೆಯ ಕೆಳಗೆ ಒಂದು ಕಲ್ಲುದಿಬ್ಬವಿದೆ. ದೊಡ್ಡ ಬಿಳಿಮೀನುಗಳು ಅಲ್ಲೇ. ಇಪ್ಪತ್ತೊಂಬತ್ತು ಚಳಿಗಾಲ ತೌನೊ ಅಲ್ಲಿಗೆ ಬಂಡಿ ಎಳೆದಿದ್ದ. ಡಿಸೆಂಬರಿನಲ್ಲಿ ಒಂದು ಮೈಲಿಗೇ ನಿಂತುಬಿಟ್ಟ. ಪಕ್ಕದ ಮನೆಯ ಆರ್ವಿಡ್, ತಾಮ್ರದ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಅವನ ಜೊತೆ ಒಂದೇ ಕೊರೆಯಂತ್ರ ಹಿಡಿದವನು, ಹಿಂದಿರುಗಿ ನೋಡಿದ.

"ಏನಾಯ್ತೋ?"

"ಪಟ್ಟಿ ಕಚ್ತಿದೆ. ನೀ ನಡಿ."

"ಕಟ್ಟು ನನ್ನ ಬಂಡಿ ಹಿಂದೆ. ಎರಡೂ ಎಳ್ಕೊಂಡು ಹೋಗ್ತೀನಿ."

"ಇನ್ನೂ ಅಷ್ಟು ಗತಿಗೆಟ್ಟಿಲ್ಲ ಮಾರಾಯ" ಎಂದ ತೌನೊ.

ತಮಾಷೆಗೆ ಅಂದ ಮಾತಲ್ಲ ಅದು. ನಮ್ಮ ಕಡೆ ಗಂಡಸಾದವನು ತನ್ನ ಬಂಡಿ ತಾನೇ ಎಳೆಯುತ್ತಾನೆ, ಎಳೆಯಲಾಗದವನು ಮನೆಯಲ್ಲಿರುತ್ತಾನೆ. ತೌನೊನ ಅಪ್ಪನೂ ಗಣಿಯವನೇ. ಅವನು ಬಂಡಿ ಎಳೆಯುವುದು ಬಿಟ್ಟ ವರ್ಷ ಅಡುಗೆಮನೆಯಲ್ಲಿ ಕೂತ. ಬಾಯಿ ಅರ್ಧ ತೆರೆದುಕೊಂಡು, ತೊಡೆಯ ಮೇಲೆ ಕೈಯೂರಿಕೊಂಡು, ಉಸಿರನ್ನು ಒಂದೊಂದಾಗಿ ಕೂಲಿಗೆ ಕರೆದು ತರುವವನ ಹಾಗೆ ಕೂತ. ಮುಂದಿನ ಹಿಮ ಬೀಳುವುದರೊಳಗೆ ಹೋದ. ತೌನೊಗೆ ಸಾಯುವ ಹೆದರಿಕೆ ಅಷ್ಟಿರಲಿಲ್ಲ, ಕೂರುವ ಹೆದರಿಕೆ ಇತ್ತು. ದಿಬ್ಬದವರೆಗೆ ಬಂಡಿ ಎಳೆದರೆ ತಾನು ಇನ್ನೂ ಕೂರುವವರ ಪೈಕಿಗೆ ಸೇರಿಲ್ಲ. ಅವನ ಲೆಕ್ಕ ಇಷ್ಟೇ.

ಗಣಿ ಬಿಡಿಸಿದ ಡಾಕ್ಟರು ಎರಡು ವರ್ಷದ ಹಿಂದೆಯೇ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದ್ದರು. ಎದೆಯ ಎರಡೂ ಪಕ್ಕ ಹಿಟ್ಟು ಎರಚಿದಂತೆ ಬಿಳಿ ಚುಕ್ಕಿ. "ಕಲ್ಲಿನ ದೂಳು" ಎಂದರು ಡಾಕ್ಟರು. "ಯಾರದು ಇದು?" ಎಂದು ಕೇಳಿದನಂತೆ ತೌನೊ. ಸಿಲ್ವಿ ಅದನ್ನು ನಗುತ್ತಾ ಹೇಳಲು ಹೋಗಿ ಒಮ್ಮೆ ನಮ್ಮೆದುರಿಗೇ ಅತ್ತುಬಿಟ್ಟಿದ್ದಳು.

ಡಿಸೆಂಬರಿನಲ್ಲಿ ಒಂದು ಮೈಲಿಗೆ ನಿಂತ ದಿನದ ಸಂಜೆಯೇ ಅವನು ಓಕ್ ಪಟ್ಟಿಗಳನ್ನು ತೂಗಿದ. ಹನ್ನೊಂದು ಪೌಂಡ್. ಅವನ ಮುಖ ಅರಳಿತು. ಖುಷಿಪಟ್ಟ ಎಂದೇ ಹೇಳಬೇಕು. "ನೋಡು, ಹನ್ನೊಂದು. ಯಾರ್ ತಾನೆ ಎಳೀತಾರೆ ಇದನ್ನ?" ಎಂದು ಸಿಲ್ವಿಗೆ ಮುಳ್ಳು ತೋರಿಸಿದ. ಅವಳು ನೋಡಿ ಒಳಗೆ ಹೋದಳು. ದೋಷ ಸಿಕ್ಕಿತಲ್ಲ ಎಂದು ಅವನು ಆ ವಾರವೆಲ್ಲ ಶೆಡ್ಡಿನಲ್ಲಿ ಸಿಳ್ಳೆ ಹಾಕಲು ನೋಡಿದ. ಸಿಳ್ಳೆಗೆ ಬೇಕಾದಷ್ಟು ಗಾಳಿ ಬರಲಿಲ್ಲ, ತುಟಿ ಮಾತ್ರ ಚೂಪಾಯಿತು.

ಆಶ್ ಮರದ ಅಗಲ ಹಲಗೆ ಸೀಳಿ, ತುದಿಗಳನ್ನು ಹಬೆಸ್ನಾನದ ಕೋಣೆ ಸೌನಾದ ಬಿಸಿ ಹಬೆಯಲ್ಲಿ ಬಗ್ಗಿಸಿ, ಮೂರು ಸಲ ಟಾರು ಕುಡಿಸಿ ಜನವರಿಗೆ ಹೊಸ ಪಟ್ಟಿ ಮಾಡಿದ. ಮೊದಲು ಒಂದು ದಿನದ ಕೆಲಸವಾಗಿದ್ದದ್ದು ಹನ್ನೆರಡು ದಿನ ತೆಗೆದುಕೊಂಡಿತು. ತೂಗಿದರೆ ಏಳು ಪೌಂಡ್. ಹನ್ನೊಂದು ಏಳಕ್ಕೆ ಇಳಿದರೆ ಬಂಡಿ ಎಷ್ಟು ಹಗುರವಾಯಿತೆಂದು ನಮ್ಮೂರಿನ ಯಾರನ್ನು ಬೇಕಾದರೂ ಕೇಳಿ. ತೌನೊ ಅದನ್ನು ಎಳೆದುಕೊಂಡು ಹೋಗಿ ಅರ್ಧ ಮೈಲಿಗೆ ನಿಂತ.

ಆ ಶನಿವಾರ ಆರ್ವಿಡ್ ಸೌನಾಗೆ ಬಂದ. ತೌನೊ ಮೇಲಿನ ಹಲಗೆ ಹತ್ತದೆ, ಬಾಗಿಲ ಪಕ್ಕದ, ಹಬೆ ಕಡಿಮೆಯಿರುವ ಕೆಳಗಿನ ಹಲಗೆಯಲ್ಲೇ ಕೂತಿದ್ದ.

"ಅಲ್ಯಾಕೋ ಮುದುಕಿ ಥರ ಕೂತಿದ್ದೀಯ?"

"ಮೇಲೆ ಕೂತ್ರೆ ಟಾರಿನ ವಾಸ್ನೆ ಕಣೋ."

ಆರ್ವಿಡ್ ಹಬೆ ಎಬ್ಬಿಸಲು ಕಾದ ಕಲ್ಲುಗಳ ಮೇಲೆ ನೀರು ಹಾಕಲು ಸೌಟು ಎತ್ತಿದವನು, ಹಾಕದೆ ಹಾಗೇ ಬಕೆಟ್ಟಿಗೆ ಇಳಿಸಿದ. "ಒಂದ್ ಕೆಲ್ಸ ಮಾಡೋಣ. ದಿಬ್ಬದ ಹತ್ರ ಈ ಸಲ ಮೀನೇ ಇಲ್ಲ. ಇಲ್ಲೇ ದಡದ ಹತ್ರ ತೂತು ಕೊರ್ದು ಕೂತ್ರಾಯ್ತು, ಇಬ್ರೂ" ಎಂದ.

"ನಿನ್ನೆ ಒಂಬತ್ತು ತಂದಿದ್ದೀಯ. ಸಿಲ್ವಿ ನೋಡಿದ್ದಾಳೆ."

"ಅವೆಲ್ಲ ಸಣ್ಣವು."

"ನಿಂಗೆ ಸುಳ್ಳು ಹೇಳೋಕೆ ಬರಲ್ಲ ಆರ್ವಿಡ್. ಗಣಿಲೂ ಬರ್ತಿರ್ಲಿಲ್ಲ" ಎಂದ ತೌನೊ. "ಮರ ಸರಿ ಇಲ್ಲ. ಅಷ್ಟೇ. ಬೇರೆ ಪಟ್ಟಿ ನೋಡ್ತೀನಿ."

ಮನೆಯಲ್ಲಿ ಸಿಲ್ವಿ ಒಂದೇ ಒಂದು ಸಲ ಬಾಯಿಬಿಟ್ಟಳು. ಮೀನಿನ ಸಾರು ಬಡಿಸುತ್ತಾ, "ಡಾಕ್ಟರು ಹೇಳಿದ್ದು ನೆನಪಿದೆಯಾ?" ಎಂದಳು.

"ಡಾಕ್ಟರಿಗೆ ಪಟ್ಟಿ ಬಗ್ಗೆ ಏನ್ ಗೊತ್ತು?"

"ಪಟ್ಟಿ ಬಗ್ಗೆ ಅಲ್ಲ ನಾನ್ ಕೇಳಿದ್ದು."

"ನಾನ್ ಹೇಳ್ತಿರೋದು ಪಟ್ಟಿ ಬಗ್ಗೆನೇ" ಎಂದು ಬಟ್ಟಲು ಮುಂದಕ್ಕೆ ತಳ್ಳಿದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಎತ್ತಬೇಕಾಗಿತ್ತು ಎಂದು ಈಗ ಹೇಳುವವರಿದ್ದಾರೆ. ಮೂವತ್ತನಾಲ್ಕು ವರ್ಷ ಒಬ್ಬ ಹಟಮಾರಿಯ ಜೊತೆ ಬಾಳಿದವಳಿಗೆ, ಯಾವ ಮಾತು ಗೋಡೆಗೆ ಬಡಿದು ಬೀಳುತ್ತದೆಂದು ಹೊರಗಿನವರು ಕಲಿಸಬೇಕಾಗಿಲ್ಲ.

ಫೆಬ್ರವರಿಯಲ್ಲಿ ಅವನಿಗೆ ಬೇಕಾದ ಪಟ್ಟಿ ಸಿಕ್ಕಿತು. ಪಟ್ಟಣದವರು ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಗುಡ್ಡದ ಮೇಲಿಂದ ಜಾರುವ ಜಾಗದಲ್ಲಿ ಮುರಿದ ಸ್ಕೀಗಳನ್ನು ಒಂದು ಮೂಲೆಗೆ ರಾಶಿ ಹಾಕುತ್ತಿದ್ದರು. ಅಡಿಗೆ ಕಪ್ಪು ಪ್ಲಾಸ್ಟಿಕ್ ಮೆತ್ತಿದ ಹೊಸ ಬಗೆಯ ಸ್ಕೀ. ತೌನೊ ಆ ರಾಶಿಯ ಮುಂದೆ ಮೊಣಕಾಲೂರಿ ಒಂದೊಂದನ್ನೂ ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಸೊಟ್ಟವಿದೆಯೇ ನೋಡಿ, ಉಗುರಿನಿಂದ ಗೀರಿ, ಕೊನೆಗೆ ಹಿಂಬದಿ ಮುರಿದಿದ್ದ ಎರಡನ್ನು ಆರಿಸಿಕೊಂಡ. ಬಂಡಿಯ ಕಾಲು ಎತ್ತರಿಸಿ ಅವನ್ನು ಅಡಿಗೆ ಕೂರಿಸಿದ, ಮುಂದಿನ ಬಾಗನ್ನು ಹಾಗೇ ಉಳಿಸಿದ, ಮೇಣದಬತ್ತಿ ಉಜ್ಜಿ ಬಟ್ಟೆಯಿಂದ ಒರೆಸಿದ. ಇಡೀ ಆಯುಷ್ಯದಲ್ಲಿ ಅಷ್ಟು ಅಚ್ಚುಕಟ್ಟಾದ ಬಂಡಿ ಅವನು ಮಾಡಿರಲಿಲ್ಲ. ನಾವೂ ನೋಡಿರಲಿಲ್ಲ.

ನೂರು ಪೌಂಡ್ ಹೇರಿ ತಕ್ಕಡಿ ಸಿಕ್ಕಿಸಿ ಎಳೆದ. ಮುಳ್ಳು ಮೂರಕ್ಕೆ ಬರುತ್ತಲೇ ಬಂಡಿ ಹೊರಟುಬಿಟ್ಟಿತು. ಅವನು ನಂಬದೆ ಇನ್ನೆರಡು ಸಲ ಎಳೆದ. ಮೂರೇ. ಆರ್ವಿಡ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಇದನ್ನ ಬೆಕ್ಕು ಎಳ್ಕೊಂಡು ಹೋಗುತ್ತಲ್ಲೋ."

"ನಾಳೆ ದಿಬ್ಬಕ್ಕೆ" ಎಂದ ತೌನೊ.

ಮರುದಿನ ಗಾಳಿ ಇರಲಿಲ್ಲ, ಹಿಮ ಗಟ್ಟಿಯಾಗಿತ್ತು, ಬಂಡಿಗೆ ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ತೌನೊ ತಗಡಿನ ಒಲೆ, ಹಾರೆ, ಚೀಲ ಎಲ್ಲ ಹೇರಿ ಹಗ್ಗವನ್ನು ಎದೆಗೆ ಹಾಕಿಕೊಂಡ. ಆರ್ವಿಡ್‌ನನ್ನು ಬೇಕೆಂದೇ ಮುಂದೆ ಕಳಿಸಿದ. ಮಂಜಿನ ಮೇಲೆ ಬಂಡಿ ಅವನ ಹಿಂದೆ ಸದ್ದಿಲ್ಲದೆ ಬಂತು. ಮೊದಲ ನೂರು ಹೆಜ್ಜೆ ಅವನಿಗೆ ಇಪ್ಪತ್ತು ವರ್ಷ ಕಡಿಮೆಯಾದಂತಿತ್ತು. ಇನ್ನೂರಕ್ಕೆ ಬಾಯಿ ತೆರೆಯಿತು. ಮುನ್ನೂರಕ್ಕೆ ನಿಂತ.

ಒಂದು ನಿಮಿಷ ನಿಂತು ಮತ್ತೆ ಹೊರಟು, ಹತ್ತು ಹೆಜ್ಜೆಗೆ ಮತ್ತೆ ನಿಂತ. ಅಡಿಯಲ್ಲಿ ಏನೋ ಹಿಡಿದಿರಬೇಕು, ಒದ್ದೆ ಹಿಮ ಅಂಟಿ ಗಡ್ಡೆಯಾಗಿರಬೇಕು. ಸಾಮಾನೆಲ್ಲ ಒಂದೊಂದಾಗಿ ಇಳಿಸಿ, ಬಂಡಿಯನ್ನು ಬೋರಲು ಹಾಕಿ, ಕೈಗವಸು ಕಿತ್ತು ಬರಿಗೈಯಲ್ಲಿ ಪಟ್ಟಿ ಸವರಿದ. ತುದಿಯಿಂದ ತುದಿಗೆ ನುಣುಪು. ಒಂದು ಹರಳು ಹಿಮವಿಲ್ಲ. ಇನ್ನೊಂದನ್ನು ಸವರಿದ. ಅದೂ ಹಾಗೇ. ಬದಲಾಯಿಸಲು ಇನ್ನೇನೂ ಉಳಿದಿರಲಿಲ್ಲ. ಎದೆಯೊಳಗೆ ಯಾರೋ ಕಲ್ಲು ಹೇರಿ ಬೀಗ ಹಾಕಿದಂತಾಗಿ ಅವನು ಮಂಜಿನ ಮೇಲೆ ಕುಸಿದು ಕೂತ.

ಸಿಲ್ವಿ ಅಡುಗೆಮನೆಯಿಂದ ನೋಡುತ್ತಿದ್ದಳು. ಉಣ್ಣೆಯ ಬೂಟು ಹಾಕಿಕೊಂಡು, ನೋಯುವ ಸೊಂಟ ಎಳೆಯುತ್ತಾ ಬಂದಳು. ಬಂಡಿಯನ್ನು ನೆಟ್ಟಗೆ ಮಾಡಿ, ಸಾಮಾನೆಲ್ಲ ಮತ್ತೆ ಹೇರಿ, ಚೀಲವನ್ನು ಒತ್ತಿ ಮೆತ್ತಗೆ ಮಾಡಿದಳು.

"ಹತ್ತಿ ಕೂತ್ಕೋ."

"ನಡೀತೀನಿ."

"ನಡಿ ನೋಡೋಣ."

ಅವನು ಎದ್ದು ನಾಲ್ಕು ಹೆಜ್ಜೆ ಹಾಕಿದ. ತುಟಿ ನೀಲಿಯಾಯಿತು. ಅವಳು ಅವನ ತೋಳು ಹಿಡಿದು ಕೂರಿಸಿದಳು, ಅವನು ಕೂತ. ದೂರದಲ್ಲಿ ಮೂರು ನಾಲ್ಕು ಜನ ತಮ್ಮ ತಮ್ಮ ತೂತಿನ ಬಳಿ ನಿಂತಿದ್ದರು. ಅವರೆಲ್ಲ ಒಟ್ಟಿಗೇ ಬೆನ್ನು ತಿರುಗಿಸಿದರು. ದಿಬ್ಬದವರೆಗೆ ಹೋಗದೆ ಅಲ್ಲೇ ಕಾಯುತ್ತಿದ್ದ ಆರ್ವಿಡ್ ಅಂತೂ ಆಗಲೇ ಕೊರೆದಿದ್ದ ತೂತನ್ನು ಮತ್ತೆ ಕೊರೆಯತೊಡಗಿದ. ಮರ್ಯಾದೆಯಿಂದಲೇ ಮಾಡಿದ್ದು. ತೌನೊಗೆ ಮಾತ್ರ ತನ್ನನ್ನು ಹೂಳಿ ಹೊರಟವರ ಬೆನ್ನು ನೋಡಿದ ಹಾಗಾಯಿತು.

ಸಿಲ್ವಿ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ದಂಡೆಯ ಕಡೆ ಹೊರಟಳು. ಅವನು ಆ ವರ್ಷ ಸೊರಗಿ ನೂರ ಮೂವತ್ತು ಪೌಂಡಿಗೆ ಇಳಿದಿದ್ದ. ಸಾಮಾನು ನೂರು. ಎಷ್ಟು ಬೇಡವೆಂದರೂ ತಲೆ ತನ್ನ ಪಾಡಿಗೆ ತಾನು ನೂರಕ್ಕೆ ಮೂರರಂತೆ ಎಳೆತದ ಲೆಕ್ಕ ಹಾಕಿತು. ಏಳು ಪೌಂಡ್. ಏಳು ಎಂದರೆ ಅರವತ್ತು ದಾಟಿದ ಸೊಂಟನೋವಿನ ಹೆಂಗಸಿಗೂ ದೊಡ್ಡದಲ್ಲ. ಆದರೂ ಅವಳು ಏದುಸಿರು ಬಿಟ್ಟರೆ, ಒಂದೇ ಒಂದು ಸಲ ನಿಂತು ಹಗ್ಗ ಬದಲಾಯಿಸಿದರೆ, ಎಲ್ಲೋ ಪಟ್ಟಿಯಲ್ಲೇ ಐಬಿದೆ ಎಂದು ಇನ್ನೂ ನಂಬಬಹುದಿತ್ತು. ಅವನು ಅವಳ ಬೆನ್ನನ್ನೇ ನೋಡುತ್ತಾ ಕಾದ.

"ಸಿಲ್ವಿ" ಎಂದ. "ಭಾರ ಆಗ್ತಿದೆಯಾ?"

ಪಾಪ, ಅವಳು ಏನೆಂದು ತಿಳಿದಳೋ. ಹೆಂಡತಿಗೆ ಹೊರೆಯಾದೆನಲ್ಲ ಎಂದು ಗಂಡ ನೊಂದುಕೊಂಡಿದ್ದಾನೆ ಅಂದುಕೊಂಡಿರಬೇಕು. ತಿರುಗಿ ನೋಡದೆ, ಇದ್ದಷ್ಟೂ ಅಕ್ಕರೆಯನ್ನು ದನಿಗೆ ತಂದುಕೊಂಡು ನಿಜವನ್ನೇ ಹೇಳಿದಳು.

"ಏನೂ ಭಾರ ಇಲ್ಲ ತೌನೊ. ತಾನಾಗೇ ಬರ್ತಿದೆ. ಎಷ್ಟು ಚೆನ್ನಾಗಿ ಮಾಡಿದ್ದೀಯ."

ಅವನು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ. ಅಳುವುದಕ್ಕೂ ಉಸಿರು ಸಾಲಲಿಲ್ಲ. ದಂಡೆಯ ಏರಿನಲ್ಲಾದರೂ ಅವಳು ನಿಂತಾಳು ಎಂದು ಕಾದ. ಅವಳು ನಿಲ್ಲಲಿಲ್ಲ.