ಚುರುಟಿಗೆ ಆಧಾರ

ಬದಿಯಡ್ಕದ ಬೀಡಿ ಕಂಪನಿಯ ಶಾಖೆಯಲ್ಲಿ ಒಬ್ಬರು ಓದುವುದು, ಉಳಿದವರು ಕೇಳುತ್ತಾ ಬೀಡಿ ಸುತ್ತುವುದು. ಓದಿದವರ ಪಾಲಿನ ಬೀಡಿಯನ್ನೂ ಕೇಳಿದವರೇ ಸುತ್ತಿಕೊಡುವುದು ಕ್ರಮ. ಶಾಲೆ ಬಿಟ್ಟವರಿಗೆಂದೇ ಇರುವ ಹತ್ತನೇ ತರಗತಿಯ ತುಲ್ಯತಾ ಪರೀಕ್ಷೆಗೆ ಕೂರಲಿದ್ದ ಅಲ್ಲಿನ ಹೆಂಗಸರಿಗಾಗಿ ಪಠ್ಯ ಸಮಿತಿಯ ನಾವು ಬರೆದ ಪಾಠದ ಕರಡನ್ನು ಅಂದು ನಾನೇ ಓದಿದೆ. "ಚುರುಟು ಇಂಗ್ಲಿಷಿನ 'ಚೆರೂಟ್'ನಿಂದ ಬಂದ ಪದ."

ಲಲಿತಕ್ಕನ ಕೈ ನಿಂತಿತು. "ಎಂತ ಟೀಚರೇ? ಮಲಯಾಳದಲ್ಲಿ ಚುರುಟ್ಟು ಅಂದ್ರೆ ಸುರುಳಿ ಸುತ್ತುವುದು. ಇಂಗ್ಲಿಷ್ ದೊರೆಗಳು ಅದನ್ನು ಸೇದಿದ್ದು ಮಾತ್ರ. ಸುತ್ತಿದವರ ಮಾತು ಅವರದ್ದು ಹೇಗಾಯ್ತು?"

"ಪುಸ್ತಕದಲ್ಲಿ ಅಚ್ಚಾಗುವುದನ್ನು ಪರೀಕ್ಷೆಯಲ್ಲಿ ಬರೆಯದಿದ್ದರೆ ಮಾರ್ಕು ಹೋಗ್ತದೆ, ಲಲಿತಕ್ಕ."

"ಹೋಗ್ಲಿ ಮಾರಾಯ್ತಿ. ಫೇಲಾದರೂ ಸುಳ್ಳು ಬರೆಯಲಿಕ್ಕಿಲ್ಲ."

ಎಂ.ಎ. ಓದಿದ ನಾನು ಅಲ್ಲೇ ಆ ಸಾಲು ಹೊಡೆದುಹಾಕಿದೆ. ಹೊರಡುವಾಗ, ಓದಿದ್ದಕ್ಕೆ ನನ್ನ ಪಾಲು ಎಂದು ಒಂದು ಕಟ್ಟು ಬೀಡಿ ಕೈಗಿಟ್ಟರು.

ಮರುದಿನ ಪಠ್ಯ ಸಮಿತಿಯ ಅಧ್ಯಕ್ಷರು ಗುಡುಗಿದರು: "ತಿದ್ದಲಿಕ್ಕೆ ನಿಮಗೆ ಆಧಾರ ಎಂತ ಉಂಟು?"

ಕಟ್ಟನ್ನು ಮೇಜಿನ ಮೇಲಿಟ್ಟೆ. "ಇದನ್ನು ಸುತ್ತಿದವರು ಉಂಟು ಸಾರ್, ಹೋಗಿ ಕೇಳಿ. ಆ ಸಾಲು ಉಳಿದರೆ ಪುಸ್ತಕದಲ್ಲಿ ನನ್ನ ಹೆಸರು ಬೇಡ."

ಸಾಲು ಹೋಯಿತು. ಸಭೆ ಮುಗಿದಾಗ ಕಟ್ಟಿನಲ್ಲಿ ಎರಡು ಬೀಡಿ ಕಮ್ಮಿಯಿತ್ತು. ಅಧ್ಯಕ್ಷರು ಆಧಾರವನ್ನು ಕೂಲಂಕಷವಾಗಿ ಪರಿಶೀಲಿಸಿರಬೇಕು.