ಪಿಚಕಾರಿ ಕೋಣೆಯ ಮುಂದಿನ ದೀಪ

ಮಡಿಲಲ್ಲಿ ಹತ್ತಿ ಹಾಕಿಕೊಂಡು ಬತ್ತಿ ಹೊಸೆಯುತ್ತ ಪಡಸಾಲೆಯಲ್ಲಿ ಕೂತಿದ್ದೆ. ಆ ವರ್ಷ ದೀಪಾವಳಿಯೂ, ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ದಿನವೂ ಒಂದೇ ವಾರದಲ್ಲಿ ಬಂದಿದ್ದವು. ಸೇರುವುದು ಮರುದಿನ ಬೆಳಿಗ್ಗೆ. ಭಾಲ್ಕಿಯ ಓಣಿ ಓಣಿಯಲ್ಲಿ ಸಾರಿಸಿ ಗುಡಿಸುವ ಗಡಿಬಿಡಿ. ಹೊತ್ತು ಮುಳುಗಲು ಇನ್ನೂ ಗಳಿಗೆಯಿತ್ತು. ಕಚೇರಿಯ ಚಪರಾಸಿ ಕಾಕಾ ಬಾಗಿಲಿಗೆ ಬಂದು ನಿಂತರು.

“ಅವ್ವಾ, ಬತ್ತಿ ಆಗ್ಯಾವೇನ್ರಿ? ಕಚೇರಿ ಮುಂದ ನಾಳಿ ದೀಪ ಹಚ್ಚೂದು ಅದ ಅಲ್ಲ, ಸಾಹೇಬರು ಇವತ್ತೇ ಸಂಜಿಕಿ ಒಮ್ಮಿ ಹಚ್ಚಿ ನೋಡ್ತಾರಂತ.”

“ಒಯ್ಯಿರಿ ಕಾಕಾ, ದೇವರ ಕೆಲಸ” ಎಂದೆ.

“ದೇವರದ್ದಲ್ಲವ್ವಾ, ಸರಕಾರದ್ದು. ಇವತ್ತಿನ ತನಕ ನಾ ಚಪರಾಸಿ, ನಾಳಿಯಿಂದ ಜವಾನ ಅಂತಾರಂತ. ಕೆಲಸ ಅದೇ, ಹೆಸರು ಹೊಸಾದು.”

ಒಳಗಿನಿಂದ ಅತ್ತೆಯವರು, “ನಿಂದು ಹೆಸರರ ಬದಲಾತು ತೊಗೊಪಾ. ನಮ್ಮ ಮನ್ಯಾಗ ಅದೂ ಇಲ್ಲ” ಎಂದರು.

ನಾನು ನಗುತ್ತಲೇ ಹೊಸೆದ ಬತ್ತಿಯನ್ನೆಲ್ಲ ಬುಟ್ಟಿಗೆ ಸುರಿದು, ಪಣತಿ ಎಣಿಸಿ ಕೊಟ್ಟು, ಎಣ್ಣೆಯ ಡಬ್ಬಿಯನ್ನೂ ಮೇಲಿಟ್ಟೆ. ನಮ್ಮ ಮನೆಯ ಬತ್ತಿ ಅಂಥ ದಿನಕ್ಕೆ ಬೆಳಗುತ್ತದಲ್ಲ ಎಂದು ಒಳಗೊಳಗೇ ಹಿಗ್ಗು. ಕಾಕಾ ಹೋದರು. ಮತ್ತೆ ಹತ್ತಿ ಹಿಡಿದೆ. ನಾಲ್ಕೋ ಐದೋ ಬತ್ತಿ ಹೊಸೆದಿರಬೇಕು, ಕೈ ತಾನಾಗಿ ನಿಂತಿತು. ದೀಪ ಹಚ್ಚುವುದು ಕಚೇರಿಯ ವರಾಂಡದಲ್ಲಿ. ಆ ವರಾಂಡಕ್ಕೆ ತೆರೆಯುವ ಕೋಣೆಯಲ್ಲಿ, ಕಿಟಕಿ ಬಾಗಿಲು ಮುಚ್ಚಿಕೊಂಡು ನನ್ನ ಗಂಡ ಬಣ್ಣ ಹೊಡೆಯುತ್ತಿದ್ದರು.

ನಮ್ಮ ಮನೆಯವರು ಬಣ್ಣದ ಕೆಲಸದವರು. ಬಾಗಿಲು, ಪೆಟ್ಟಿಗೆ, ಬಂಡಿ, ಏನಿದ್ದರೂ ಅಲ್ಲಿಯವರೆಗೆ ಕುಂಚದಲ್ಲೇ ಬಳಿದವರು. ಬೀದರಿನ ಒಂದು ಮೋಟಾರು ಗ್ಯಾರೇಜಿನಲ್ಲಿ ಬಣ್ಣ ಹೊಡೆಯುತ್ತಿದ್ದ ಹಿರಿಯರೊಬ್ಬರಿದ್ದರು. ನಾವು ಚಾಚಾ ಅನ್ನುತ್ತಿದ್ದೆವು. ಅವರು ಮಗನಿದ್ದ ಹೈದರಾಬಾದಿಗೆ ಹೊರಟಾಗ ತಮ್ಮ ಸಾಮಾನನ್ನು ಇವರಿಗೆ ಬಿಟ್ಟುಕೊಟ್ಟರು. ಗಾಳಿ ತುಂಬುವ ಟ್ಯಾಂಕು, ಅದನ್ನು ನಡೆಸಲು ಪುಟ್ಟ ಎಂಜಿನ್ನು, ಉದ್ದನೆಯ ರಬ್ಬರು ಪೈಪು, ಪೈಪಿನ ತುದಿಗೆ ಬಣ್ಣದ ಗನ್ನು. ಗನ್ನು ಅಂದರೆ ಅತ್ತೆಯವರಿಗೆ ಎಂಟು ವರ್ಷದ ಹಿಂದೆ ಊರಲ್ಲಿ ಬಂದೂಕು ಹಾರಿದ ಗದ್ದಲ ನೆನಪಾಗಿ ಊಟ ಸೇರುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರೂ ಅದನ್ನು ಪಿಚಕಾರಿ ಎಂದೇ ಕರೆದೆವು.

ಹೊರಡುವ ಮುಂಚೆ ಚಾಚಾ ನಾಲ್ಕು ದಿನ ನಮ್ಮ ಅಂಗಳಕ್ಕೆ ಬಂದು ಕಲಿಸಿದರು. ಪೈಪು ಹಿಡಿಯುವ ಕೆಲಸ ನನ್ನದು. ಬಣ್ಣದ ಬಟ್ಟಲು ಗನ್ನಿನ ನೆತ್ತಿಯ ಮೇಲೆಯೇ ಕೂರುತ್ತದೆ. ಲಿಂಗದ ಮೇಲೆ ತೂಗುವ ಧಾರಾಪಾತ್ರೆಯ ಹಾಗೆ, ಬಣ್ಣ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಗಾಳಿ ಅದನ್ನು ಒಯ್ದು ಮಂಜಿನಂತೆ ಹರಡುತ್ತದೆ. ನನ್ನ ಹಳೆಯ ಸೀರೆಯ ತೆಳು ಬಟ್ಟೆಯಲ್ಲಿ ಬಣ್ಣ ಸೋಸಿಯೇ ಬಟ್ಟಲಿಗೆ ಹಾಕಬೇಕು, ಕಂಠದವರೆಗೆ ತುಂಬಬಾರದು. ಮುಚ್ಚಳದ ಸೂಜಿತೂತು ಕಟ್ಟಿಕೊಂಡರೆ ಬಣ್ಣ ಇಳಿಯುವುದಿಲ್ಲ. ಗಾಳಿ ಕಡಿಮೆ ಇಟ್ಟು ಮೊದಲು ಗೋಣಿಚೀಲದ ಮೇಲೆ ಹೊಡೆದು ನೋಡಬೇಕು. ತಮಾಷೆಗೂ ಮನುಷ್ಯರ ಕಡೆಗೆ ತಿರುಗಿಸಬಾರದು. ಬಟ್ಟಲು ಬಿಚ್ಚುವ ಮುಂಚೆ ಟ್ಯಾಂಕಿನ ನಲ್ಲಿ ಮುಚ್ಚಿ, ಬೆರಳಿನಿಂದ ಗನ್ನಿನ ಕುದುರೆ ಒತ್ತಿ, ಪೈಪಿನಲ್ಲಿ ಉಳಿದ ಗಾಳಿಯನ್ನು ಹೊರಗೆ ಬಿಡಬೇಕು. ಎಂಜಿನ್ನು ಬಣ್ಣದ ಹತ್ತಿರ ಇರಕೂಡದು, ಪೈಪಿನ ಉದ್ದ ಇರುವಷ್ಟೂ ದೂರದಲ್ಲಿರಬೇಕು. ನಮ್ಮವರು ಹೂಂ ಹೂಂ ಅನ್ನುತ್ತ ಗನ್ನನ್ನೇ ನೋಡುತ್ತಿದ್ದರು. ಚಾಚಾ ನನ್ನ ಕಡೆ ತಿರುಗಿದರು.

“ಬೇಟಿ, ನಿನ್ನ ಗಂಡಗ ಕಿವಿ ಎರಡು ಅವ, ಕೆಲಸಕ್ಕ ಒಂದೂ ಬರಂಗಿಲ್ಲ. ನೀ ಕೇಳು. ಮೂಗಿಗಿ ಬಟ್ಟಿ ಕಟ್ಟಿದ್ರ ಬಣ್ಣದ ಹನಿ ತಡೀತದ, ವಾಸನಿ ತಡ್ಯಂಗಿಲ್ಲ. ವಾಸನಿಗಿ ಕಿಟಕಿನೇ ದವಾ. ಎಲ್ಲಾ ಕಿಟಕಿ ತಗೀಬೇಕು.”

ಆಮೇಲೆ ಅಂಗಳದ ತುದಿಗೆ ಹೋಗಿ ಒಡೆದ ಹೆಂಚಿನ ಮೇಲೆ ಮುಚ್ಚಳದಷ್ಟು ತಿನ್ನರು ಸುರಿದರು. ಬಣ್ಣ ತೆಳುವಾಗಲು ಬೆರೆಸುವ ನೀರಿನಂಥ ಎಣ್ಣೆ ಅದು. ಉದ್ದನೆಯ ಬಿದಿರಿನ ತುದಿಗೆ ಬೆಂಕಿ ಹಚ್ಚಿಕೊಂಡು ದೂರದಿಂದ ಚಾಚಿದರು. ಬಿದಿರು ಹೆಂಚನ್ನು ಮುಟ್ಟಲೇ ಇಲ್ಲ. ಮೊಳದಷ್ಟು ದೂರವಿರುವಾಗಲೇ ಭಗ್ಗೆಂದು ಎದ್ದಿತು.

“ನೋಡಿದ್ಯಾ? ಬೆಂಕಿಗಿ ಕಾಲಿಲ್ಲ ಬೇಟಿ. ಈ ವಾಸನಿ ಹೋಗಿ ಅದಕ್ಕ ಕರ್ಕೊಂಡು ಬರತದ.”

ಕಚೇರಿಯ ಎರಡು ಕಬ್ಬಿಣದ ಅಲಮಾರಿಗಳು ಇವರು ಒಬ್ಬರೇ ಹಿಡಿದ ಮೊದಲ ಕೆಲಸ. ಇದು ಮುಗಿದರೆ ಔರಾದಿನ ಕಚೇರಿಯದೂ ಸಿಗುವಂತಿತ್ತು. ಮಧ್ಯಾಹ್ನ ರೊಟ್ಟಿ ಒಯ್ದಾಗ ನೋಡಿದೆ: ವರಾಂಡದ ಕಡೆಯ ಕಿಟಕಿ ಮುಚ್ಚಿತ್ತು, ಬಾಗಿಲ ಬುಡಕ್ಕೆ ಗೋಣಿ ಒತ್ತಿತ್ತು. ಹಿತ್ತಲಿನ ಬೇವಿನ ಗಿಡದ ಹತ್ತಿರ ಎಂಜಿನ್ನು, ಅಲ್ಲಿಂದ ಹಿಂದಿನ ಬೆಳಕಿಂಡಿಯಲ್ಲಿ ಪೈಪು ಒಳಗೆ. ಅಷ್ಟೇ ಸಂದು.

“ಕಿಟಕಿ ಯಾಕ ಮುಚ್ಚೀರಿ?”

“ಹೊರಗ ಚಪ್ಪರಕ್ಕ ಕುಣಿ ತೋಡ್ಲಾಕತ್ಯಾರ. ಹಸಿ ಬಣ್ಣದ ಮ್ಯಾಲ ಧೂಳ ಕುಂತಿತಂದ್ರ ಅಲಮಾರಿ ಮೈಲಿ ಎದ್ದ ಮಾರಿ ಆಗತದ.”

“ಚಾಚಾ ಏನಂದಿದ್ರು?”

“ಚಾಚಾ ಹೈದರಾಬಾದಿಗಿ ಹೋದ್ರು. ನೀ ಯಾವಾಗ ಚಾಚಾ ಆದಿ?”

ಇಬ್ಬರಿಗೂ ಮಾತು ಬೆಳೆಯಿತು. ನಾನು ಬುತ್ತಿ ಇಟ್ಟು ಸಿಟ್ಟಿನಿಂದ ಮನೆಗೆ ಬಂದೆ. ಬಂದು ಮಾಡಿದ್ದೇನು? ಆ ಕೋಣೆಯ ಬಾಗಿಲಿಗೆ ನಾನೇ ಬೆಂಕಿ ಕೊಟ್ಟು ಕಳಿಸಿದೆ. ಬತ್ತಿ, ಪಣತಿ, ಎಣ್ಣೆ, ಒಂದೂ ಕಡಿಮೆ ಮಾಡದೆ.

ಹತ್ತಿ ಅಲ್ಲೇ ಉದುರಿತು. “ಎಲ್ಲಿಗಿ ಹೊಂಟಿ? ತಲಿಮ್ಯಾಲ ಸೆರಗು ಹೊದ್ಕೊ!” ಎಂದು ಅತ್ತೆ ಕೂಗಿದ್ದು ಓಣಿಯ ತಿರುವಿನಲ್ಲಿ ಕೇಳಿಸಿತು. ಆ ಕಾಲದಲ್ಲಿ ಸೊಸೆಯಾದವಳು ಬಜಾರದಲ್ಲಿ ನಡೆಯುವುದೇ ಗೋಡೆಗೆ ಒತ್ತಿಕೊಂಡು. ನಾನು ನಡುರಸ್ತೆಯಲ್ಲಿ ಓಡಿದೆ. ಬೇಳೆ ಅಂಗಡಿಯ ಕಟ್ಟೆಯ ಮೇಲೆ ಕೂತ ಮುದುಕರೊಬ್ಬರು, “ಯಾರ ಸೊಸಿ ಇಕಿ? ಹಿಂದ ಎಮ್ಮಿ ಬೆನ್ನ ಹತ್ಯಾದೇನು?” ಎಂದರು. ಒಂದಿಬ್ಬರು ನಕ್ಕರು. ಚಪ್ಪಲಿ ಹಾಕಿಕೊಂಡಿರಲಿಲ್ಲ ಎಂಬುದು ಆಮೇಲೆ, ಮುಳ್ಳು ಕೀಳುವಾಗ ತಿಳಿಯಿತು. ಶಿವನೇ, ಸಾಹೇಬರಿಗೆ ಚಹಾ ಕುಡಿಯುವ ಮನಸ್ಸು ಕೊಡು, ಇನ್ನೊಂದು ಗಳಿಗೆ ತಡಮಾಡಿಸು ಎಂದು ಬೇಡುತ್ತ ಓಡಿದೆ. ಅಂಥ ಹೊತ್ತಿನಲ್ಲಿ ದೊಡ್ಡ ವರ ಕೇಳಲು ಬಾಯಿ ಬರುವುದಿಲ್ಲ.

ಕಚೇರಿಯ ವರಾಂಡದ ಗೋಡೆಯುದ್ದಕ್ಕೂ ಪಣತಿಗಳನ್ನು ಸಾಲಾಗಿ ಇಟ್ಟಿದ್ದರು. ಅಂದ ಕಾಣಲೆಂದು ನಮ್ಮವರಿದ್ದ ಕೋಣೆಯ ಬಾಗಿಲಿನ ಎಡಬಲಕ್ಕೆ ಐದೈದು. ಸಾಹೇಬರು ಮೊದಲನೆಯ ದೀಪ ಹಚ್ಚಿ ಆಗಿತ್ತು. ಅದು ಆಚೆ ತುದಿಯಲ್ಲಿ ಉರಿಯುತ್ತಿತ್ತು. ಗುಮಾಸ್ತರು ಉರಿಯುವ ಕಡ್ಡಿ ಹಿಡಿದು ಎರಡನೆಯದಕ್ಕೆ ಬಗ್ಗಿದ್ದರು. ಬತ್ತಿ ಆಗ ತಾನೇ ಹೊಸೆದದ್ದು, ಎಣ್ಣೆ ಇನ್ನೂ ಹೀರಿರಲಿಲ್ಲ, ಚಿಟಿಚಿಟಿ ಎಂದು ಆರಿಹೋಯಿತು. ಆ ದಿನ ದೇವರು ಮಾಡಿದ ಉಪಕಾರಗಳಲ್ಲಿ ಇದನ್ನೇ ನಾನು ಮೊದಲು ಎಣಿಸುವುದು. ಅವರು ಇನ್ನೊಂದು ಕಡ್ಡಿ ಗೀರಿ, “ಇದು ಬ್ಯಾಡ, ಮುಂದಿಂದು ಹಚ್ಚೋಣು” ಎಂದು ಬಾಗಿಲ ಕಡೆಗೇ ಸರಿದರು.

“ಸಾಹೇಬ್ರ” ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ಹಿತ್ತಲಲ್ಲಿ ಎಂಜಿನ್ನು ದಡದಡ ಎನ್ನುತ್ತಿತ್ತು. ಗಂಡಸರ ಮುಂದೆ ಎತ್ತರದ ದನಿಯಲ್ಲಿ ಮಾತಾಡಿ ರೂಢಿಯಿಲ್ಲದ ಗಂಟಲು ಅದು. ಮೆಟ್ಟಿಲು ಹತ್ತಿದೆ. ಬಾಗಿಲ ಸಂದಿನಿಂದ ಆ ಸಿಹಿಯಾದ, ತಲೆಗೆ ಹತ್ತುವ ವಾಸನೆ ಬರುತ್ತಿತ್ತು. ಗುಮಾಸ್ತರ ಕೈಯಲ್ಲಿದ್ದ ಕಡ್ಡಿಯನ್ನು ಬಾಯಿಂದ ಊದಿದೆ. ಓಡಿಹೋಗಿ ಸಾಹೇಬರು ಹಚ್ಚಿದ ದೀಪವನ್ನೂ ಊದಿದೆ.

ನಮ್ಮಲ್ಲಿ ದೀಪ ಆರಿಸು ಎಂದು ಬಾಯಲ್ಲೂ ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಮಾಡುವಾಗಲೂ ಹೂವಿನಿಂದ, ಹಾಲಿನಿಂದ. ಎಂಜಲು ಬಾಯಿಂದ ಊದಿದವಳ ಮನೆ ಕತ್ತಲಾಗುತ್ತದೆಂದು ನನಗೆ ಹೇಳಿಕೊಟ್ಟವಳು ಔರಾದಿನ ನನ್ನ ತಾಯಿ. ಅಂಥದ್ದರಲ್ಲಿ ರಾಜ್ಯ ಸೇರುವ ಹೊತ್ತಿನ ಮೊದಲ ದೀಪ.

“ಅವ್ವಾ! ಏನ್ ಮಾಡಿದ್ರಿ!” ಚಪರಾಸಿ ಕಾಕಾ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು.

“ಏನ್ ನಡಿಸೀರಿ ಇದು?” ಸಾಹೇಬರ ಮುಖ ಕಪ್ಪಿಟ್ಟಿತು.

“ಒಳಗ ನಮ್ಮವರು ಅದಾರ್ರಿ. ಆ ಬಣ್ಣದ ವಾಸನಿಗಿ ಬೆಂಕಿ ಹತ್ತತದ. ನಾ ಕಣ್ಣಾರೆ ನೋಡೀನಿ. ಕೈ ಮುಗೀತೀನಿ, ಕಡ್ಡಿ ಗೀರಬ್ಯಾಡ್ರಿ.”

ಗುಮಾಸ್ತರು ನಕ್ಕರು. “ವಾಸನಿಗಿ ಬೆಂಕಿ ಹತ್ತತದಂತ! ಹಂಗಿದ್ರ ಬಜಾರದಾಗ ಭಜಿ ಅಂಗಡಿ ಒಂದೂ ಉಳೀಬಾರದಿತ್ತು.” ಅನ್ನುತ್ತಲೇ ಮತ್ತೆ ಕಡ್ಡಿಪೆಟ್ಟಿಗೆ ತೆರೆದರು. ನಾನು ಅವರ ಮತ್ತು ಬಾಗಿಲಿನ ನಡುವೆ ನಿಂತೆ. ಸರಿಯಲಿಲ್ಲ.

ಸಾಹೇಬರು ನನ್ನನ್ನೇ ಒಂದು ಕ್ಷಣ ನೋಡಿದರು. “ಕಡ್ಡಿಪೆಟ್ಟಿಗಿ ಇಲ್ಲಿ ಕೊಡ್ರಿ” ಎಂದು ಗುಮಾಸ್ತರಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. “ಬಾಗಿಲಾ ತಗಿರಿ.”

ನಾನು ಹಿತ್ತಲಿಗೆ ಓಡಿ ಟ್ಯಾಂಕಿನ ನಲ್ಲಿ ತಿರುಗಿಸಿದೆ. ಕಾಕಾ ಎಂಜಿನ್ನು ನಿಲ್ಲಿಸಿದರು. ಸದ್ದು ನಿಂತಿತು. ಗಾಳಿ ನಿಂತರೆ ಒಳಗಿದ್ದವರು ಕೂಗಬೇಕಲ್ಲ? ಕೂಗಲಿಲ್ಲ. “ಏನ್ರಿ” ಎಂದೆ. “ಕೇಳಸ್ತದೇನ್ರಿ” ಎಂದೆ. ವರಾಂಡಕ್ಕೆ ಓಡಿಬಂದು ಬಾಗಿಲು ಬಡಿದೆ. ಏನೂ ಇಲ್ಲ. ಕಾಕಾ ಭುಜ ಕೊಟ್ಟು ನೂಕಿದರು, ಬುಡದ ಗೋಣಿ ಅಡ್ಡ ಬಂದು ಬಾಗಿಲು ಗೇಣಷ್ಟೇ ಸರಿಯಿತು. ಮತ್ತೆ ನೂಕಿದಾಗ ತೆರೆಯಿತು. ಒಳಗಿನಿಂದ ಬಂದ ವಾಸನೆಗೆ ಸಾಹೇಬರು ಮೂಗು ಮುಚ್ಚಿ ಹಿಂದೆ ಸರಿದರು. ಗುಮಾಸ್ತರ ನಗು ಅಲ್ಲಿಗೆ ನಿಂತಿತು.

ನಮ್ಮವರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ಗನ್ನು. ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ.

ಕಾಕಾ ಮತ್ತು ಗುಮಾಸ್ತರು ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಬಗಲಿಗೆ ಕೈ ಹಾಕಿ ಎಳೆದು ತಂದು ಬೇವಿನ ಗಿಡದ ಕೆಳಗೆ ಮಲಗಿಸಿದರು. ಮೂಗಿನ ಬಟ್ಟೆ ಬಿಚ್ಚಿದೆ. ತುಟಿ ಬೂದಿಯ ಬಣ್ಣ. ಸೆರಗಿನಿಂದ ಗಾಳಿ ಹಾಕುತ್ತ ದೇವರ ಹೆಸರು ಹೇಳುತ್ತ ಹೋದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ಕೊನೆಗೆ ಒಂದು ಕಡೆ ಹೊರಳಿ ವಾಂತಿ ಮಾಡಿಕೊಂಡರು. ಗಂಡ ವಾಂತಿ ಮಾಡಿದ್ದಕ್ಕೆ ಕೈ ಮುಗಿದವಳು ನಾನೊಬ್ಬಳೇ ಇರಬೇಕು. ಬಾಯಿ ತೊಳೆಸಿದ ಮೇಲೆ ಮೊದಲು ಆಡಿದ ಮಾತು:

“ಅಲಮಾರಿ ಮುಟ್ಟಬ್ಯಾಡ್ರಿ. ಹಸಿ ಅದ.”

“ಯಾರು ಮುಟ್ತಾರಪಾ ನಿನ್ನ ಅಲಮಾರಿ!” ಎಂದು ಕಾಕಾ ಅಳುತ್ತ ನಕ್ಕರು.

ಸಾಹೇಬರು ನನ್ನ ಹತ್ತಿರ ಬಂದು, “ದೀಪ ಎಲ್ಲಿ ಇಡೂಣು, ನೀವೇ ಹೇಳ್ರಿ ಅವ್ವಾ” ಎಂದರು. ಕೋಣೆಯ ಕಿಟಕಿ ಬಾಗಿಲು ಬೆಳತನಕ ತೆರೆದಿರಲಿ, ದೀಪ ನಾಳೆ ದೊಡ್ಡ ಬಾಗಿಲ ಹತ್ತಿರ, ಅಂಗಳದ ಆಚೆ ಇಡಿ ಎಂದೆ. “ನಾ ಊದಿದ್ದು ತಪ್ಪಾತ್ರಿ” ಎಂದೂ ಸೇರಿಸಿದೆ. ಅವರು, “ಇವತ್ತ ಬರೇ ಹಚ್ಚಿ ನೋಡಿದ್ದು. ನಾಳಿ ಹಚ್ಚಿದ್ದೇ ಮೊದಲಿಂದು” ಎಂದರು. ಆ ಮಾತನ್ನೂ ಉಪಕಾರಗಳಲ್ಲಿ ಸೇರಿಸಿದ್ದೇನೆ.

ಮನೆಗೆ ಬರುವಾಗ ಇವರು ನನ್ನ ಭುಜ ಹಿಡಿದು ನಡೆದರು. ಬಜಾರದವರು ನೋಡಿದರೆ ನೋಡಲಿ.

“ಬಾಯಿಲೇ ಊದಿದಿ?”

“ಊದಿದೆ.”

“ನಮ್ಮವ್ವಗ ಹೇಳಬ್ಯಾಡ.”

“ಊರಿಗೆಲ್ಲಾ ಗೊತ್ತಾಗ್ಯಾದ.”

ಬೇಳೆ ಅಂಗಡಿಯ ಕಟ್ಟೆ ದಾಟಿದೆವು. ಆಮೇಲೆ, “ಔರಾದದಾಗ ಕಿಟಕಿ ತಗದೇ ಹೊಡೀತೀನಿ. ಧೂಳ ಕುಂತ್ರ ತಿಕ್ಕಿ ಇನ್ನೊಮ್ಮಿ ಹೊಡದ್ರಾತು” ಎಂದರು. ನಾನು ಭುಜದ ಮೇಲಿನ ಅವರ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಅತ್ತೆಯವರು ಹೊಸ್ತಿಲಲ್ಲೇ ನಿಂತಿದ್ದರು. ಸುದ್ದಿ ನಮಗಿಂತ ಮುಂಚೆ ಬಂದಿತ್ತು. “ದೀಪ ಊದಿದ ಬಾಯಿ ಮೊದಲ ತೊಳಕೊ” ಎಂದು ನನಗೆ ನೀರಿನ ತಂಬಿಗೆ ಚಾಚಿದರು. ಮಗನ ಮುಖ ನೋಡಿದರು. ಕೆನ್ನೆ ಮುಟ್ಟಿ, ತಲೆ ಮುಟ್ಟಿ, ಅಂಗಿ ಮೂಸಿದರು. ಆಮೇಲೆ ನನ್ನ ಕಡೆ ನೋಡದೆಯೇ, “ಇವನ ಅಂಗಿ ಒಲಿ ಹತ್ರ ತರಬ್ಯಾಡ” ಎಂದರು.

ಅಂಗಿ, ಧೋತರ, ಮೂಗಿನ ಬಟ್ಟೆ ಮೂರನ್ನೂ ಅಂಗಳದ ಆಚೆ ತುದಿಯ ಗಳದ ಮೇಲೆ ಬಿಡಿಬಿಡಿಯಾಗಿ ಹರವಿದೆ. ಕೈಯನ್ನು ಎರಡು ಸಲ ಸೀಗೆಪುಡಿ ಹಚ್ಚಿ ತೊಳೆದು ಮೂಸಿ ನೋಡಿದೆ. ದೇವರ ಮುಂದೆ ನಿಂತು ತಪ್ಪು ಒಪ್ಪಿಸಿದೆ. ಇಂಥ ಹೊತ್ತು ಬಂದರೆ ಮತ್ತೂ ಊದುತ್ತೇನೆ, ಅದನ್ನೂ ಈಗಲೇ ಕ್ಷಮಿಸಿಬಿಡು ಎಂದೆ. ಆಮೇಲೆ ಅಡುಗೆಮನೆಗೆ ಹೋಗಿ, ಹೋಳಿಗೆಯ ಹೂರಣಕ್ಕೆ ಕಡಲೆಬೇಳೆ ತೊಳೆದು ಒಲೆಯ ಮೇಲಿಟ್ಟೆ.